ಸಿಂಗಪುರದ ನೆಟ್ ಓಡುತ್ತದೆ, ಜರ್ಮನಿಯದು ಯಾಕೆ ತೆವಳುತ್ತದೆ?

ಜರ್ಮನಿಯಲ್ಲಿರುವ ಕನ್ನಡಿಗರು ರಜೆಗೆ ಬೆಂಗಳೂರಿಗೆ ಬಂದಾಗ ಒಂದು ಮಾತು ಹೇಳುವುದುಂಟು: “ನೆಟ್ ವಿಷಯದಲ್ಲಿ ಮಾತ್ರ ನೀವೇ ವಾಸಿ ಮಾರಾಯ್ರೆ.” ಕೇಳಿದವರು ನಂಬುವುದಿಲ್ಲ. ಕಾರು, ರೈಲು, ಯಂತ್ರ ಎಲ್ಲದರಲ್ಲೂ ಮುಂದಿರುವ ದೇಶದಲ್ಲಿ ನೆಟ್ ಸಪ್ಪೆ ಅಂದರೆ ಹೇಗೆ? ಮೇಲಾಗಿ, ಪತ್ರಿಕೆಗಳಲ್ಲಿ ಆಗಾಗ ಬರುವ ಮನೆ ಇಂಟರ್ನೆಟ್ ವೇಗದ ಪಟ್ಟಿಯಲ್ಲಿ ಜರ್ಮನಿ ನಮಗಿಂತ ಮೇಲೇ ಇದೆ. ಹಾಗಾದರೆ ಯಾರ ಮಾತು ಸರಿ?

ಇಬ್ಬರದೂ ಸರಿ. ಪಟ್ಟಿ ಅಳೆಯುವುದು ಒಂದು, ಮನೆಯಲ್ಲಿ ಕೂತವರು ಅನುಭವಿಸುವುದು ಇನ್ನೊಂದು. ಆ ಪಟ್ಟಿ ಹೇಗೆ ತಯಾರಾಗುತ್ತದೆ ಅನ್ನುವುದರಿಂದಲೇ ಶುರುಮಾಡೋಣ.

ಹೆಚ್ಚಾಗಿ ಸುದ್ದಿಯಾಗುವುದು ಊಕ್ಲಾ ಕಂಪನಿಯ ಪಟ್ಟಿ. ನಾವು ನೀವು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ‘ಸ್ಪೀಡ್‌ಟೆಸ್ಟ್’ ತೆರೆದು ‘ಗೋ’ ಒತ್ತುತ್ತೇವಲ್ಲ, ಆ ಲೆಕ್ಕಗಳನ್ನೆಲ್ಲ ದೇಶವಾರು ಸೇರಿಸಿ ಅವರು ಪ್ರತಿ ತಿಂಗಳೂ ಪಟ್ಟಿ ಬಿಡುತ್ತಾರೆ. ಮೊಬೈಲಿಗೆ ಬೇರೆ ಪಟ್ಟಿ, ಮನೆಯ ಕನೆಕ್ಷನ್‌ಗೆ ಬೇರೆ ಪಟ್ಟಿ. ಈ ಎರಡನ್ನೂ ಕಲಸಿಹಾಕಿ “ಭಾರತ ಇಷ್ಟು ಸ್ಥಾನ ಮೇಲೇರಿತು” ಅಂತ ಬರೆಯುವ ಸುದ್ದಿಗಳಿಗೆ ಲೆಕ್ಕವಿಲ್ಲ. 2022ರ ಅಕ್ಟೋಬರ್‌ನಲ್ಲಿ 5ಜಿ ಶುರುವಾದ ಮೇಲೆ ನಾವು ದೊಡ್ಡ ಜಿಗಿತ ಜಿಗಿದದ್ದು ಮೊಬೈಲ್ ಪಟ್ಟಿಯಲ್ಲಿ. ಮನೆಯ ಕನೆಕ್ಷನ್ ಪಟ್ಟಿಯಲ್ಲಿ ಈಗಲೂ ಬಹಳ ಕೆಳಗೇ ಇದ್ದೇವೆ.

ಪಟ್ಟಿಯ ಸಂಖ್ಯೆ ಸರಾಸರಿಯೂ ಅಲ್ಲ, ಅದು ಮಧ್ಯಾಂಕ. ಎಲ್ಲ ಟೆಸ್ಟ್‌ಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವ ಸಂಖ್ಯೆ. ಒಂದು ಬೀದಿಯ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ 40 ಎಂಬಿಪಿಎಸ್ (ನೆಟ್ ವೇಗ ಅಳೆಯುವ ಮಾನ) ಇದೆ, ಒಬ್ಬರಿಗೆ ಮಾತ್ರ 1000 ಇದೆ ಅಂದುಕೊಳ್ಳಿ. ಸರಾಸರಿ ತೆಗೆದರೆ 136. ಆ ಬೀದಿಯಲ್ಲಿ ಒಬ್ಬರಿಗೂ 136 ಸಿಗುತ್ತಿಲ್ಲ! ಮಧ್ಯಾಂಕ 40, ಅದು ನಿಜಕ್ಕೆ ಹತ್ತಿರ. ಹಿಂದೆ ಅಕಾಮೈ ಕಂಪನಿ ಸರಾಸರಿಯ ಪಟ್ಟಿ ಕೊಡುತ್ತಿತ್ತು. 2017ರ ಮೊದಲ ಮೂರು ತಿಂಗಳ ಅದರ ವರದಿಯಲ್ಲಿ ಮೊದಲ ಸ್ಥಾನದ ದಕ್ಷಿಣ ಕೊರಿಯಾಕ್ಕೆ 28.6, ಜಗತ್ತಿಗೆ 7.2, ಭಾರತಕ್ಕೆ 6.5 ಎಂಬಿಪಿಎಸ್. ಊಕ್ಲಾ ಲೆಕ್ಕದಲ್ಲಿ ಈಗ ಸಿಂಗಪುರದ ಮಧ್ಯಾಂಕ 300 ದಾಟಿದೆ, ನಮ್ಮದು 60ರ ಆಸುಪಾಸು. ಎರಡೂ ಪಟ್ಟಿಗಳ ಅಳತೆಯ ವಿಧಾನ ಬೇರೆಬೇರೆ, ಅವನ್ನು ಅಕ್ಕಪಕ್ಕ ಇಟ್ಟು ಕಳೆಯಲು ಹೋಗಬೇಡಿ. ಗಾಳಿ ಯಾವ ಕಡೆಗೆ ಬೀಸಿದೆ ಅನ್ನುವುದು ಮಾತ್ರ ಅದರಿಂದ ಗೊತ್ತಾಗುತ್ತದೆ.

ಎಂ-ಲ್ಯಾಬ್ ಅನ್ನುವ ಇನ್ನೊಂದು ಅಳತೆಯೂ ಇದೆ. ಊಕ್ಲಾ ನಿಮಗೆ ಹತ್ತಿರದ ಸರ್ವರ್ ಹುಡುಕಿ, ಒಟ್ಟಿಗೇ ಹಲವು ದಾರಿಗಳಲ್ಲಿ ಡೇಟಾ ಎಳೆದು ನೋಡುತ್ತದೆ. ಎಷ್ಟೋ ಸಲ ಆ ಸರ್ವರ್ ನಿಮ್ಮ ಕಂಪನಿಯ ಜಾಲದೊಳಗೇ ಇರುತ್ತದೆ. ಎಂ-ಲ್ಯಾಬ್ ಒಂದೇ ದಾರಿಯಲ್ಲಿ, ಕಂಪನಿಯ ಜಾಲ ದಾಟಿ ಆಚೆಗಿರುವ ಸರ್ವರ್‌ವರೆಗೆ ಅಳೆಯುತ್ತದೆ. ಹಾಗಾಗಿ ಒಂದೇ ಮನೆ, ಒಂದೇ ಹೊತ್ತು, ಎರಡು ಬೇರೆ ಸಂಖ್ಯೆ. ಎರಡೂ ಸುಳ್ಳಲ್ಲ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರೋಣ. ನಮ್ಮಲ್ಲಿ ತಿಂಗಳಿಗೆ 399 ಅಥವಾ 499 ರೂಪಾಯಿ ಕೊಟ್ಟರೆ 30-40 ಎಂಬಿಪಿಎಸ್‌ನ ಪ್ಲ್ಯಾನ್ ಸಿಗುತ್ತದೆ. ಜಾಸ್ತಿ ಜನ ತೆಗೆದುಕೊಳ್ಳುವುದೂ ಅಂಥದ್ದನ್ನೇ. ಅದನ್ನು ತರುವ ಅದೇ ಫೈಬರಿನಲ್ಲಿ (ಬೆಳಕಿನಿಂದ ಡೇಟಾ ಒಯ್ಯುವ ಗಾಜಿನ ಎಳೆಯಲ್ಲಿ) 500 ಕೂಡ ಬರುತ್ತದೆ, ದುಡ್ಡು ಕೊಟ್ಟರೆ. ಸಿಂಗಪುರದಲ್ಲಿ 1 ಜಿಬಿಪಿಎಸ್‌ಗಿಂತ (ಅಂದರೆ 1000 ಎಂಬಿಪಿಎಸ್‌ಗಿಂತ) ಕಡಿಮೆಯ ಪ್ಲ್ಯಾನ್ ಹುಡುಕಿದರೂ ಸಿಗುವುದು ಕಷ್ಟ. ಅಂದರೆ ಪಟ್ಟಿಯಲ್ಲಿ ನಾವು ಕೆಳಗಿರುವುದಕ್ಕೆ ತಂತಿಯ ತಾಕತ್ತು ಎಷ್ಟು ಕಾರಣವೋ, ನಮ್ಮ ಜೇಬಿನ ಲೆಕ್ಕಾಚಾರವೂ ಅಷ್ಟೇ ಕಾರಣ. 40 ಸಾಕು ಅಂತ ತೆಗೆದುಕೊಂಡವನ ಟೆಸ್ಟ್‌ನಲ್ಲಿ 40 ಬರದೆ 400 ಬರುತ್ತದೆಯೇ?

ಇನ್ನೂ ದೊಡ್ಡ ತೂತೊಂದಿದೆ. ಟೆಸ್ಟ್ ಮಾಡುವವರು ಕನೆಕ್ಷನ್ ಇರುವವರು ಮಾತ್ರ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಲೆಕ್ಕದ ಪ್ರಕಾರ 2024ರ ಕೊನೆಗೆ ಭಾರತದಲ್ಲಿ ಸುಮಾರು 94 ಕೋಟಿ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಿದ್ದವು. ಅದರಲ್ಲಿ ತಂತಿಯ ಮೂಲಕ ಬರುವವು ಸುಮಾರು 4 ಕೋಟಿ. ಉಳಿದದ್ದೆಲ್ಲ ಹೆಚ್ಚುಕಡಿಮೆ ಮೊಬೈಲ್. ದೇಶದಲ್ಲಿ ಮನೆಗಳು ಸುಮಾರು 30 ಕೋಟಿ. ಆ 4 ಕೋಟಿಯಲ್ಲಿ ಅಂಗಡಿ, ಆಫೀಸುಗಳೂ ಸೇರಿವೆ. ಲೆಕ್ಕ ಹಾಕಿದರೆ ಏಳೆಂಟು ಮನೆಗೆ ಒಂದು ತಂತಿ. ಹಾಗಾಗಿ ‘ಭಾರತದ ಮನೆ ಇಂಟರ್ನೆಟ್ ವೇಗ’ ಅಂದರೆ ಆ ಒಂದು ಮನೆಯ ವೇಗ. ಉಳಿದ ಆರೇಳು ಮನೆಗಳು ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲೂ ಇಲ್ಲ, ಅವು ಪಟ್ಟಿಯಲ್ಲೇ ಇಲ್ಲ.

ಎಷ್ಟು ವೇಗ ಬಂದರೆ ‘ಬ್ರಾಡ್‌ಬ್ಯಾಂಡ್’ ಅಂತ ಕರೆಯಬೇಕು ಅನ್ನುವುದೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 2024ರಿಂದ ಡೌನ್‌ಲೋಡ್ 100, ಅಪ್‌ಲೋಡ್ 20 ಎಂಬಿಪಿಎಸ್ ಇರಬೇಕು. ನಮ್ಮಲ್ಲಿ 2004ರ ನೀತಿಯಲ್ಲಿ ಇದ್ದದ್ದು 256 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್‌ನ ಕಾಲುಭಾಗ. ಆಮೇಲೆ 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಅಮೆರಿಕದವರ ಬ್ರಾಡ್‌ಬ್ಯಾಂಡ್ ಲೆಕ್ಕವನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಬೀದಿಯಿಂದ ಮನೆಗೆ ಬರುವ ತಂತಿ ಯಾರದು?

ಹಾಗಾದರೆ ದೇಶಗಳ ನಡುವೆ ನಿಜವಾದ ವ್ಯತ್ಯಾಸ ಎಲ್ಲಿಂದ ಬರುತ್ತದೆ? ತಂತ್ರಜ್ಞಾನ ಎಲ್ಲರಿಗೂ ಒಂದೇ. ಸಮುದ್ರದಡಿಯ ಕೇಬಲ್ ದಡಕ್ಕೆ ಬಂದು, ಅಲ್ಲಿಂದ ದೊಡ್ಡ ಊರುಗಳಿಗೆ ಹೋಗುವವರೆಗೆ ಎಲ್ಲ ಕಡೆಯೂ ಫೈಬರೇ. ತಕರಾರು ಇರುವುದು ಬೀದಿಯಿಂದ ಮನೆಯೊಳಗೆ ಬರುವ ಕೊನೆಯ ತುಂಡಿನಲ್ಲಿ. ನೆಲ ಅಗೆಯಬೇಕು, ಕಂಬ ಹತ್ತಬೇಕು, ಅನುಮತಿ ಬೇಕು, ಆಳು ಬೇಕು. ಅಲ್ಲಿ ಫೈಬರ್ ಇದೆಯೋ ತಾಮ್ರ ಇದೆಯೋ, ಅದನ್ನು ಹಾಕಿದವರು ಯಾರು, ಬೇರೆಯವರಿಗೂ ಬಳಸಲು ಬಿಡುತ್ತಾರೋ ಇಲ್ಲವೋ ಅನ್ನುವುದರ ಮೇಲೆ ದೇಶದ ಸ್ಥಾನ ನಿಂತಿದೆ. ಈ ತೀರ್ಮಾನಗಳು ಎಷ್ಟೋ ಕಡೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಳೆಯವು.

ಜರ್ಮನಿಯ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. 1981ರಲ್ಲೇ ಆಗಿನ ಪಶ್ಚಿಮ ಜರ್ಮನಿಯ ಹೆಲ್ಮುಟ್ ಶ್ಮಿಟ್ ಸರ್ಕಾರ ದೇಶಪೂರ್ತಿ ಫೈಬರ್ ಹಾಕುವ ಮೂವತ್ತು ವರ್ಷದ ಯೋಜನೆ ಮಾಡಿತ್ತು. ಆಗ ಇಂಟರ್ನೆಟ್ ಅನ್ನುವ ಮಾತೇ ಜನರ ಬಾಯಲ್ಲಿರಲಿಲ್ಲ. ಮರುವರ್ಷ ಸರ್ಕಾರ ಬದಲಾಗಿ ಹೆಲ್ಮುಟ್ ಕೋಲ್ ಬಂದರು. ಅವರಿಗೆ ಬೇಕಿದ್ದದ್ದು ಖಾಸಗಿ ಟಿವಿ ಚಾನೆಲ್‌ಗಳು ಬೇಗ ಮನೆಮನೆಗೆ ತಲುಪುವುದು. ಹಾಗಾಗಿ ದುಡ್ಡು ತಾಮ್ರದ ಟಿವಿ ಕೇಬಲ್‌ಗೆ ಹೋಯಿತು. ಆಮೇಲೆ ಇಂಟರ್ನೆಟ್ ಬಂದಾಗ ಅಲ್ಲಿನ ದೊಡ್ಡ ಟೆಲಿಫೋನ್ ಕಂಪನಿ ಇದ್ದ ತಾಮ್ರದ ಫೋನ್ ತಂತಿಯಿಂದಲೇ ಇನ್ನಷ್ಟು ವೇಗ ಹಿಂಡುತ್ತಾ ಕೂತಿತು. ತಾಮ್ರಕ್ಕೆ ಒಂದು ಜಾಯಮಾನವಿದೆ: ದೂರ ಹೆಚ್ಚಿದಷ್ಟೂ ಸಿಗ್ನಲ್ ಸಾಯುತ್ತದೆ. ಬೀದಿ ಮೂಲೆಯ ಪೆಟ್ಟಿಗೆಯ ಪಕ್ಕದ ಮನೆಗೆ 100 ಬಂದರೆ, ಅದೇ ಪೆಟ್ಟಿಗೆಯಿಂದ ಒಂದು ಕಿಲೋಮೀಟರ್ ಆಚೆಯವನಿಗೆ ಅದರ ಕಾಲುಭಾಗ ಬಂದರೆ ಪುಣ್ಯ.

ಇದರಲ್ಲೊಂದು ತಮಾಷೆಯೂ ಇದೆ. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರ ದಶಕದಲ್ಲಿ, ಪೂರ್ವ ಜರ್ಮನಿಯ ಕೆಲವು ಕಡೆ ಫೋನಿಗಾಗಿ ಫೈಬರ್ ಹಾಕಿದರು. ಆದರೆ ಅದು ಆಗಿನ ಕಾಲದ ಬೇರೆ ಬಗೆಯ ವ್ಯವಸ್ಥೆ. ಫೋನ್ ತಂತಿಯಲ್ಲೇ ನೆಟ್ ಕೊಡುವ ಡಿಎಸ್ಎಲ್ ಬಂದಾಗ ಅದಕ್ಕೆ ತಾಮ್ರವೇ ಬೇಕಾಯಿತು. ಹಳೆ ತಾಮ್ರದ ತಂತಿ ಇದ್ದವರಿಗೆ ನೆಟ್ ಬಂತು, ಹೊಸ ಫೈಬರ್ ಇದ್ದವರು ಕಾಯುತ್ತಾ ಕೂತರು.

ರಜೆಗೆ ಬಂದ ಜರ್ಮನಿಯ ಕನ್ನಡಿಗರ ದೂರು ಈ ಇತಿಹಾಸದ ಬಾಲ. ಹಳೆಯ ಕಟ್ಟಡ, ಗೋಡೆಯೊಳಗೆ ಹಳೆ ತಾಮ್ರ, ಎರಡು ವರ್ಷದ ಕರಾರು, ಕನೆಕ್ಷನ್ ಕೊಡುವವನು ಬರಲು ವಾರಗಟ್ಟಲೆ ಕಾಯಬೇಕು. ಬೆಂಗಳೂರಿನಲ್ಲಿ ಬೆಳಿಗ್ಗೆ ಫೋನ್ ಮಾಡಿದರೆ ಸಂಜೆ ಹುಡುಗನೊಬ್ಬ ಏಣಿ ಹೊತ್ತು ಬರುತ್ತಾನೆ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಕೇಬಲ್ ಎಳೆದು, ಕಿಟಕಿ ಸಂದಿಯಲ್ಲಿ ತೂರಿಸಿ, ರೂಟರ್ ಹಚ್ಚಿ ಹೋಗುತ್ತಾನೆ. ಚೆಂದ ಕೇಳಬೇಡಿ, ನೆಟ್ ಬರುತ್ತದೆ. ಮುಂದಿನ ವಾರ ಯಾರೋ ಆ ಮರದ ಕೊಂಬೆ ಕಡಿದಾಗ ಹೋಗುವುದೂ ಹಾಗೇ.

ಈ ನೇತಾಡುವ ತಂತಿಗಳ ವಿಷಯದಲ್ಲಿ ನಮಗೊಂದು ಜೋಡಿ ಇದೆ, ರೊಮೇನಿಯಾ. 1990ರ ದಶಕದ ಕೊನೆಗೆ ಅಲ್ಲಿ ಫೋನ್ ಕರೆ ಮಾಡಿ ಪಡೆಯುವ ಡಯಲ್-ಅಪ್ ನೆಟ್ ದುಬಾರಿ, ನಿಧಾನ. ದೊಡ್ಡ ದೊಡ್ಡ ವಸತಿ ಕಟ್ಟಡಗಳಲ್ಲಿದ್ದ ಹುಡುಗರು ಒಟ್ಟಿಗೆ ಗೇಮ್ ಆಡಲು, ಸಿನಿಮಾ ಹಂಚಿಕೊಳ್ಳಲು ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾವೇ ಕೇಬಲ್ ಎಳೆದರು. ಆಮೇಲೆ ಎಲ್ಲರೂ ದುಡ್ಡು ಹಾಕಿ ಒಂದು ಕನೆಕ್ಷನ್ ತಗೊಂಡು ಹಂಚಿಕೊಂಡರು. ಹೀಗೆ ಬಡಾವಣೆಗೊಂದು ಜಾಲ ಹುಟ್ಟಿ, ಅವೇ ಚಿಕ್ಕ ಕಂಪನಿಗಳಾದವು. ಪೈಪೋಟಿಯಲ್ಲಿ ದರ ಕುಸಿಯಿತು. ದೊಡ್ಡ ಕಂಪನಿಗಳು ಅವನ್ನು ಕೊಂಡು, ಹಳೆ ಕೇಬಲ್ ತೆಗೆದು ಫೈಬರ್ ಹಾಕಿದವು. ತಾಮ್ರದ ಫೋನ್ ತಂತಿಯನ್ನು ನೆಚ್ಚಿಕೊಳ್ಳದೇ ಇದ್ದದ್ದೇ ಅವರಿಗೆ ವರವಾಯಿತು. ಯುರೋಪಿನ ಬಡ ದೇಶಗಳಲ್ಲಿ ಒಂದು, ಆದರೆ ಶ್ರೀಮಂತ ಜರ್ಮನಿಗಿಂತ ವೇಗದ, ಅಗ್ಗದ ನೆಟ್! ನಮ್ಮ ಕೇಬಲ್‌ನವರ ಕತೆಯೂ ಸ್ವಲ್ಪ ಹೀಗೇ ಅಲ್ವಾ? 1990ರ ದಶಕದಲ್ಲಿ ಡಿಶ್ ಹಾಕಿ ಬೀದಿಗೆಲ್ಲ ಟಿವಿ ಕೊಟ್ಟವರೇ ಇವತ್ತು ಎಷ್ಟೋ ಊರುಗಳಲ್ಲಿ ಬ್ರಾಡ್‌ಬ್ಯಾಂಡ್ ಕೊಡುತ್ತಿದ್ದಾರೆ.

ಸಿಂಗಪುರದ್ದು ಇದಕ್ಕೆ ತದ್ವಿರುದ್ಧ ದಾರಿ, ಎಲ್ಲ ಮೇಲಿನಿಂದ ಕೆಳಕ್ಕೆ ಯೋಜನೆ ಹಾಕಿ ಮಾಡಿದ್ದು. ಅವರು ಕೆಲಸವನ್ನು ಮೂರು ಪಾಲು ಮಾಡಿದರು. ನೆಲದಡಿಯ ಫೈಬರ್ ಒಂದು ಸಂಸ್ಥೆಯದು. ಅದರ ಮೇಲೆ ಯಂತ್ರಗಳನ್ನು ನಡೆಸುವವರು ಬೇರೆ. ಜನರಿಗೆ ಪ್ಲ್ಯಾನ್ ಮಾರುವ ಕಂಪನಿಗಳು ಬೇರೆ. ಫೈಬರ್ ಹಾಕಿದವರು ಯಾವ ಕಂಪನಿಗೂ ಇಲ್ಲ ಅನ್ನುವಂತಿಲ್ಲ, ಎಲ್ಲರಿಗೂ ಒಂದೇ ದರ. 2010ರಲ್ಲಿ ಸೇವೆ ಶುರುವಾಗಿ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಫೈಬರ್ ಬಂತು. ಒಂದೇ ತಂತಿ, ಮಾರುವವರು ಹತ್ತು ಜನ. 2024ರಲ್ಲಿ 10 ಜಿಬಿಪಿಎಸ್‌ಗೆ ಏರಿಸಲು ಸರ್ಕಾರ 10 ಕೋಟಿ ಸಿಂಗಪುರ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು. ಊರೇ ಒಂದು ದೇಶ, ಅದು ಅವರ ಅನುಕೂಲ, ನಿಜ. ಆದರೆ ಬರೀ ಚಿಕ್ಕದಾಗಿದ್ದರೆ ಆಗುವುದಿಲ್ಲ. ಎಷ್ಟೋ ಚಿಕ್ಕ ದೇಶಗಳು ಪಟ್ಟಿಯ ತಳದಲ್ಲಿವೆ. ಸ್ಟಾಕ್‌ಹೋಮ್ ನಗರವೂ 1994ರಲ್ಲೇ ತನ್ನದೇ ಸಂಸ್ಥೆ ಕಟ್ಟಿ ನೆಲದಡಿ ಫೈಬರ್ ಹಾಕಿಸಿ, ಕೇಳಿದವರಿಗೆಲ್ಲ ಬಾಡಿಗೆಗೆ ಕೊಟ್ಟಿತ್ತು.

ದಕ್ಷಿಣ ಕೊರಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಪಾರ್ಟ್‌ಮೆಂಟುಗಳಲ್ಲಿದ್ದಾರೆ. ಒಂದು ಕಟ್ಟಡಕ್ಕೆ ಫೈಬರ್ ತಂದರೆ ನೂರಾರು ಮನೆ ಸಿಕ್ಕಿತು. ಅಲ್ಲಿನ ಸರ್ಕಾರ 1999ರಿಂದ ಕಟ್ಟಡಗಳ ಒಳಗಿನ ವೈರಿಂಗ್ ನೋಡಿ ದರ್ಜೆ ಕೊಡಲು ಶುರುಮಾಡಿತು. ದರ್ಜೆಯ ಫಲಕ ಇಲ್ಲದ ಫ್ಲ್ಯಾಟ್ ಮಾರುವುದು ಕಷ್ಟವಾದಾಗ ಬಿಲ್ಡರ್‌ಗಳು ತಾವಾಗೇ ಒಳ್ಳೆ ವೈರಿಂಗ್ ಮಾಡಿಸಿದರು. ಬೆಂಗಳೂರಿನಲ್ಲಿ ಈಜುಕೊಳ, ಜಿಮ್ ತೋರಿಸಿ ಫ್ಲ್ಯಾಟ್ ಮಾರುವವರನ್ನು ಈ ಪ್ರಶ್ನೆ ಕೇಳಿ ನೋಡಿ.

ಆಸ್ಟ್ರೇಲಿಯಾ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯಿತು. 2009ರಲ್ಲಿ ಲೇಬರ್ ಪಕ್ಷದ ಸರ್ಕಾರ ಬಹುತೇಕ ಎಲ್ಲ ಮನೆಗೂ ಫೈಬರ್ ಅಂದಿತು. 2013ರಲ್ಲಿ ಬಂದ ಸರ್ಕಾರ ಅದು ದುಬಾರಿ, ಬೀದಿವರೆಗೆ ಫೈಬರ್ ಸಾಕು, ಉಳಿದದ್ದು ಹಳೆ ತಾಮ್ರದಲ್ಲೇ ಆಗಲಿ ಅಂದಿತು. 2020ರಲ್ಲಿ ಕೆಲಸ ಮುಗಿಯಿತು ಅಂತ ಘೋಷಿಸಿದರು. ಅದೇ ವರ್ಷ ತಾಮ್ರ ತೆಗೆದು ಫೈಬರ್ ಹಾಕಲು ಹೊಸ ದುಡ್ಡನ್ನೂ ಘೋಷಿಸಿದರು! ಅಮೆರಿಕದ್ದು ಇನ್ನೊಂದು ಕತೆ. ಎಷ್ಟೋ ಊರುಗಳಲ್ಲಿ ಆಯ್ಕೆ ಎರಡೇ: ಟಿವಿ ಕೇಬಲ್ ಕಂಪನಿ, ಇಲ್ಲವೇ ಟೆಲಿಫೋನ್ ಕಂಪನಿ. ಟಿವಿ ಕೇಬಲ್ ಹುಟ್ಟಿದ್ದೇ ಮನೆಗೆ ಕೊಡಲು, ಮನೆಯಿಂದ ತಗೊಳ್ಳಲು ಅಲ್ಲ. ಹಾಗಾಗಿ ಡೌನ್‌ಲೋಡ್ 300 ಇದ್ದರೂ ಅಪ್‌ಲೋಡ್ 10-20ಕ್ಕೆ ನಿಲ್ಲುವುದುಂಟು. ಟೆನ್ನೆಸಿ ರಾಜ್ಯದ ಚಾಟನೂಗಾ ಊರಿನಲ್ಲಿ ಮಾತ್ರ ಊರಿನದೇ ವಿದ್ಯುತ್ ಸಂಸ್ಥೆ 2010ರಲ್ಲೇ 1 ಜಿಬಿಪಿಎಸ್ ಕೊಟ್ಟಿತು. ಬೇರೆ ಊರುಗಳೂ ಹಾಗೆ ಮಾಡದಂತೆ ಹಲವು ರಾಜ್ಯಗಳು ಕಾನೂನಿನ ಅಡ್ಡಗಾಲು ಹಾಕಿದವು. ಹಾಕಿಸಿದ್ದು ಯಾರ ಒತ್ತಡ ಅಂತ ಬೇರೆ ಹೇಳಬೇಕಾ?

ನಿಮ್ಮ ಮನೆಯ ಲೆಕ್ಕ

ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಫೈಲಿನ ಗಾತ್ರ ಬೈಟ್‌ಗಳಲ್ಲಿರುತ್ತದೆ. ಎಂಟು ಬಿಟ್ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಕನೆಕ್ಷನ್‌ನಲ್ಲಿ 1 ಜಿಬಿ ಸಿನಿಮಾ ಇಳಿಯಲು ಸುಮಾರು 80 ಸೆಕೆಂಡ್ ಬೇಕು. 4ಕೆ ವಿಡಿಯೋಗೆ 15ರಿಂದ 25 ಎಂಬಿಪಿಎಸ್ ಸಾಕು. ನಾಲ್ಕು ಜನರ ಮನೆಗೆ 100 ಧಾರಾಳ. ಮತ್ತೆ ವಿಡಿಯೋ ಕಾಲ್ ಯಾಕೆ ತಡವರಿಸುತ್ತದೆ?

ನಲ್ಲಿಯ ಪೈಪು ಎಷ್ಟು ದಪ್ಪ ಅನ್ನುವುದು ಬೇರೆ, ತಿರುಗಿಸಿದ ಮೇಲೆ ಮೊದಲ ಹನಿ ಬೀಳಲು ಎಷ್ಟು ಹೊತ್ತು ಅನ್ನುವುದು ಬೇರೆ. ಎರಡನೆಯದು ಪಿಂಗ್. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ನೇರ ಗೆರೆಯಲ್ಲಿ 14,000 ಕಿಲೋಮೀಟರ್ ಆಸುಪಾಸು. ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್, ಕೇಬಲ್ ಸುತ್ತಿಬಳಸಿ ಹೋಗುವುದರಿಂದ ನಿಜದಲ್ಲಿ 200 ದಾಟುತ್ತದೆ. ಎಷ್ಟು ದುಬಾರಿ ಪ್ಲ್ಯಾನ್ ಹಾಕಿಸಿಕೊಂಡರೂ ಇದು ಇಳಿಯುವುದಿಲ್ಲ. ಪಿಂಗ್ ವಿಷಯದಲ್ಲಿ ಉಪಗ್ರಹದ ನೆಟ್ಟಿಗೂ ಇದೇ ಲೆಕ್ಕ. ಹಳೆಯ ಬಗೆಯ ಉಪಗ್ರಹ 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಅದರಲ್ಲಿ ಮಾತಾಡುವುದೇ ಕಷ್ಟ. ಸ್ಟಾರ್‌ಲಿಂಕ್‌ನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ಆದ್ದರಿಂದ ಅವು ಕೆಲಸಕ್ಕೆ ಬರುತ್ತವೆ.

ಇನ್ನೊಂದು, ಹಂಚಿಕೆ. ನಮ್ಮಲ್ಲಿ ಸಾಮಾನ್ಯವಾಗಿರುವ ಫೈಬರ್ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್‌ನ ಒಂದು ಎಳೆ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಒಡೆದು 32 ಅಥವಾ 64 ಮನೆಗೆ ಹೋಗುತ್ತದೆ. ಅದರ ಹಿಂದೆ ಕಂಪನಿ ಹೊರಗಿನ ಜಾಲಕ್ಕೆ ಎಷ್ಟು ಬ್ಯಾಂಡ್‌ವಿಡ್ತ್ (ಡೇಟಾ ಸಾಗಿಸುವ ಸಾಮರ್ಥ್ಯ) ಕೊಂಡಿದೆ ಅನ್ನುವುದು ಇನ್ನೊಂದು ಲೆಕ್ಕ. ಹಾಗಾಗಿ ಟೆಸ್ಟ್ ಮಾಡುವುದಾದರೆ ರಾತ್ರಿ ಒಂಬತ್ತಕ್ಕೆ ಮಾಡಿ. ಬೆಳಿಗ್ಗೆ ಆರಕ್ಕೆ ಎಲ್ಲರ ನೆಟ್ಟೂ ಚೆನ್ನಾಗೇ ಇರುತ್ತದೆ. ವೈಫೈ ಬಿಟ್ಟು, ಲ್ಯಾಪ್‌ಟಾಪಿಗೆ ನೇರ ವೈರ್ ಸಿಕ್ಕಿಸಿ ನೋಡಿ. ಹತ್ತಿರದ ಸರ್ವರ್ ಜೊತೆಗೆ ಮುಂಬೈಯದೋ ಸಿಂಗಪುರದ್ದೋ ಒಂದು ಸರ್ವರ್ ಆರಿಸಿಯೂ ನೋಡಿ. 200ರ ಪ್ಲ್ಯಾನ್ ಹಾಕಿಸಿಯೂ 95ರ ಹತ್ತಿರವೇ ನಿಲ್ಲುತ್ತಿದ್ದರೆ ರೂಟರಿನ ಪೋರ್ಟೇ 100ರದ್ದು ಇರಬಹುದು. ಅದಕ್ಕೆ ಕೇಬಲ್‌ನವನನ್ನು ಬೈದರೆ ಪ್ರಯೋಜನವಿಲ್ಲ, ರೂಟರ್ ಬದಲಿಸಬೇಕು.

ತಂತಿಯೇ ಬರದ ಕಡೆ

ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2024ರಲ್ಲಿ ಮಾಡಿದ ಅಂದಾಜಿನಂತೆ ಜಗತ್ತಿನ 260 ಕೋಟಿ ಜನಕ್ಕೆ ಇಂಟರ್ನೆಟ್ಟೇ ಇರಲಿಲ್ಲ. ಬಡ ದೇಶಗಳಲ್ಲಿ ಮನೆ ಕನೆಕ್ಷನ್‌ನ ದರ ಸರಾಸರಿ ತಿಂಗಳ ಆದಾಯದ ಮೂರನೇ ಒಂದು ಭಾಗಕ್ಕೆ ಹತ್ತಿರ. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಇಟ್ಟುಕೊಂಡ ಗುರಿ ಶೇ 2. ಸಮುದ್ರವಿಲ್ಲದ ದೇಶಗಳು ನೆರೆಯವರ ನೆಲ ದಾಟಿಸಿ ನೆಟ್ ತರಬೇಕು, ದಾಟಿಸುವವರಿಗೆಲ್ಲ ದುಡ್ಡು ಕೊಡಬೇಕು. ಸಮುದ್ರದ ನಡುವೆ ಇರುವವರ ಪಾಡು ಬೇರೆ: 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದು ಟೋಂಗಾ ದೇಶವನ್ನು ಹೊರಗಿನೊಂದಿಗೆ ಸೇರಿಸುವ ಒಂದೇ ಒಂದು ಕೇಬಲ್ ತುಂಡಾಯಿತು, ಜೋಡಿಸಲು ಐದು ವಾರ ಹಿಡಿಯಿತು. ಕ್ಯೂಬಾದಲ್ಲಿ ಜನ ನೆಟ್ ಕಾಯುತ್ತಾ ಕೂರದೆ, ವಾರವಾರವೂ ಸಿನಿಮಾ, ಧಾರಾವಾಹಿ, ಆ್ಯಪ್‌ಗಳನ್ನೆಲ್ಲ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ತುಂಬಿಸಿಕೊಂಡು ಮನೆಮನೆಗೆ ಹಂಚುವ ವ್ಯವಸ್ಥೆಯನ್ನೇ ಮಾಡಿಕೊಂಡರು.

ನಮ್ಮಲ್ಲಿ 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಫೋಟೋ ಒಂದು ಎಲ್ಲ ಕಡೆ ಓಡಾಡಿತ್ತು. ಹುಡುಗಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ಕಂಪನಿಗಳು ಪೈಪೋಟಿ ಮಾಡುತ್ತವೆ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅಡಿಕೆ ತೋಟ, ಹಳ್ಳ, ಗುಡ್ಡ. ಅಷ್ಟುದ್ದ ಕೇಬಲ್ ಎಳೆದು ಸಿಗುವುದು ಒಬ್ಬ ಗಿರಾಕಿ. ಜೂನ್ ಬಂತೆಂದರೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರ್ ಬ್ಯಾಟರಿ ಮುಗಿಯುತ್ತದೆ.

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹಳ್ಳಿಗಳಲ್ಲೂ ಇದೇ ಪಾಡಿತ್ತು. ದೂರದೂರದ ಮನೆ, ಯಾವ ಕಂಪನಿಯೂ ಬರಲೊಲ್ಲದು. 2011ರಲ್ಲಿ ಅಲ್ಲಿನವರು ‘ಬಾರ್ನ್’ ಅನ್ನುವ ಸಂಸ್ಥೆ ಕಟ್ಟಿದರು. ರೈತರು ತಮ್ಮ ಹೊಲದಲ್ಲಿ ಕಾಲುವೆ ತೋಡಲು ಪುಕ್ಕಟೆ ಜಾಗ ಬಿಟ್ಟರು, ಎಷ್ಟೋ ಕಡೆ ತಾವೇ ತೋಡಿದರು. ತೋಡಿದ ಕೂಲಿಯನ್ನು ಸಂಸ್ಥೆಯ ಷೇರಾಗಿ ಪಡೆದವರೂ ಇದ್ದರು. ಲಂಡನ್ನಿನ ಬಹುತೇಕ ಮನೆಗಳಿಗೆ ಫೈಬರ್ ಬರುವ ಮೊದಲೇ ಆ ಕುರಿ ಸಾಕುವವರ ಮನೆಗಳಿಗೆ 1 ಜಿಬಿಪಿಎಸ್ ಬಂತು. ಖರ್ಚಿನಲ್ಲಿ ದೊಡ್ಡ ಪಾಲು ಅಗೆತದ್ದು ಮತ್ತು ಅನುಮತಿಯದ್ದು. ಅವೆರಡನ್ನೂ ಊರವರೇ ತೆಗೆದುಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ತೋಟದ ನೀರಿಗೆ ಕಿಲೋಮೀಟರ್‌ಗಟ್ಟಲೆ ಪೈಪು ಹೂಳುವ ಮಲೆನಾಡಿನವರಿಗೆ ಇದು ಹೊಸ ಕೆಲಸವೇನಲ್ಲ.

ನಮ್ಮ ಸರ್ಕಾರದ ದಾರಿ ಭಾರತ್‌ನೆಟ್. 2011ರಲ್ಲಿ ಒಪ್ಪಿಗೆಯಾದ ಇದರ ಗುರಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್. ಎಷ್ಟೋ ಕಡೆ ಅದು ಪಂಚಾಯಿತಿ ಕಚೇರಿವರೆಗೆ ಬಂದು ನಿಂತಿತು. ಅಲ್ಲಿಂದ ಮನೆಗೆ? 2023ರಲ್ಲಿ 1,39,579 ಕೋಟಿ ರೂಪಾಯಿಯ ತಿದ್ದಿದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಮನೆಗೆ ಕನೆಕ್ಷನ್ ಕೊಟ್ಟು ನೋಡಿಕೊಳ್ಳುವುದು ಊರಿನದೇ ಉದ್ಯಮಿಯ ಕೆಲಸ, ಬರುವ ದುಡ್ಡಿನಲ್ಲಿ ಅರ್ಧ ಅವನಿಗೆ. ಪೇಟೆ ಬದಿಯ ಹಳ್ಳಿಯಲ್ಲಿ, ಒಂದೇ ಬೀದಿಯಲ್ಲಿ ನಲವತ್ತು ಮನೆ ಇದ್ದಲ್ಲಿ ಇದು ನಡೆಯುತ್ತದೆ. ಘಟ್ಟದ ಒಂಟಿ ಮನೆಗೆ ಬಂದರೆ, ತಿಂಗಳಿಗೆ 499 ರೂಪಾಯಿಯ ಪ್ಲ್ಯಾನ್‌ನಲ್ಲಿ ಅವನ ಕೈಗೆ ಸಿಗುವುದು 250. ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ತುಂಡಾದಾಗ, ಜೋಡಿಸುವ ಮೆಷಿನ್ ಹೊತ್ತು ತಾಲ್ಲೂಕಿನಿಂದ ಬರುವವನ ಬೈಕಿನ ಪೆಟ್ರೋಲು, ಅವನ ಕೂಲಿ, ಹೊಸ ಕೇಬಲ್ ಎಲ್ಲವೂ ಆ 250ರಲ್ಲೇ ಹುಟ್ಟಬೇಕು.